ಬರುವ ದಿನ ತಿಳಿಯದ ಮೇಲೆ ಸಿದ್ಧವಾಗಿರುವುದು ಹೇಗೆ?

ಎರಡನೇ ಬೆಂಚು:

ಈ ಪ್ರಶ್ನೆಯನ್ನು ಇಲ್ಲಿ ಕೇಳಬೇಕೋ ಬೇಡವೋ ಎಂದು ಎರಡು ವಾರ ಯೋಚಿಸಿ ಬರೆಯುತ್ತಿದ್ದೇನೆ. ನಮ್ಮದು ಮೂರು ತಲೆಮಾರಿನಿಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದ ಮನೆತನ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ನಾಲ್ಕು ವರ್ಷಗಳಿಂದ ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾನೆ. ಅದರ ಬಗ್ಗೆ ನನಗೆ ತಕರಾರಿಲ್ಲ. 2025ರ ಸೆಪ್ಟೆಂಬರ್ 23 ಮತ್ತು 24ರಂದು ಕರ್ತನು ಬಂದು ತನ್ನವರನ್ನು ಪರಲೋಕಕ್ಕೆ ಎತ್ತಿಕೊಳ್ಳುತ್ತಾನೆಂದು ದಕ್ಷಿಣ ಆಫ್ರಿಕದ ಒಬ್ಬರು ಹೇಳಿದ ವಿಡಿಯೊ ಲೋಕವೆಲ್ಲ ಸುತ್ತಿ ಅವನ ಮೊಬೈಲಿಗೂ ಬಂತು. ಅವನು ಅದನ್ನು ಪೂರ್ತಿ ನಂಬಿದನೆಂದು ನಾನು ಹೇಳಲಾರೆ. ಆದರೆ ಆ ತಿಂಗಳು, ಮಗಳ ಓದಿಗೆಂದು ಕಟ್ಟುತ್ತಿದ್ದ ಆರ್.ಡಿ.ಯನ್ನು ಅವಧಿಗೆ ಮುಂಚೆ ಮುರಿಸಿ, ಅರ್ಧ ಹಣವನ್ನು ಕೂಟಕ್ಕೆ ಕೊಟ್ಟು, ಉಳಿದರ್ಧವನ್ನು ಬೀರುವಿನಲ್ಲಿ ತಂದಿಟ್ಟುಕೊಂಡ. ನಾದಿನಿಗೆ, ಅಂದರೆ ಅವನ ಹೆಂಡತಿಗೆ, ಇದು ತಿಳಿದದ್ದು ಡಿಸೆಂಬರಿನಲ್ಲಿ, ಶಾಲೆಯಿಂದ ಶುಲ್ಕದ ಚೀಟಿ ಬಂದಾಗ.

ಅವನನ್ನು ಬೈಯುವುದಕ್ಕೆಂದೇ ನಾನು ಬಸ್ಸು ಹತ್ತಿ ಹೋದೆ. ಎಲ್ಲವನ್ನೂ ಕೇಳಿಸಿಕೊಂಡು ಅವನು ಹೇಳಿದ್ದು ಇಷ್ಟು: "ದಿನ ತಪ್ಪಿರಬಹುದು, ಸಿದ್ಧತೆ ತಪ್ಪಲ್ಲ. ಇವತ್ತು ರಾತ್ರಿ ಆತ ಬಂದರೆ ನೀನು ಸಿದ್ಧನಿದ್ದೀಯಾ ಅಣ್ಣ?" ನಾನು ಉತ್ತರ ಕೊಡದೆ ಎದ್ದು ಬಂದೆ. ದಿನ ಯಾರಿಗೂ ತಿಳಿಯದೆಂದು ಸುವಾರ್ತೆಯೇ ಹೇಳುತ್ತದೆ, ಸಿದ್ಧವಾಗಿರಿ ಎಂದೂ ಅದೇ ಸುವಾರ್ತೆ ಹೇಳುತ್ತದೆ. ದಿನವೇ ಗೊತ್ತಿಲ್ಲದ ಸಂಗತಿಗೆ ಮನುಷ್ಯ ಸಿದ್ಧನಾಗುವುದು ಹೇಗೆ? ತಿಳಿದವರು ಹೇಳಬೇಕೆಂದು ಕೇಳುತ್ತೇನೆ.

ಬಲ್ಮಠದ ಹಳಬ:

ತಮ್ಮನ ಮೇಲೆ ಸಿಟ್ಟಾಗಬೇಡಿ, ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರವನ್ನು ಮಾತ್ರ ಅವರು ವಿಡಿಯೊದಲ್ಲಿ ಹುಡುಕಿದರು. ಅದು ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದಲ್ಲೇ ಇತ್ತು. 36ನೆಯ ವಚನವನ್ನು ಎಲ್ಲರೂ ಹೇಳುತ್ತಾರೆ: ಆ ದಿನವೂ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು, ದೂತರಿಗೂ ತಿಳಿಯದು, ಮಗನಿಗೂ ತಿಳಿಯದು. ಮಗನಿಗೂ ತಿಳಿಯದೆಂಬ ಈ ಮಾತು ಹಳೆಯ ನಕಲುಕಾರರಿಗೇ ಮುಜುಗರ ತಂದಿತ್ತೆಂದು ಕಾಣುತ್ತದೆ, ಮತ್ತಾಯನ ಎಷ್ಟೋ ಹಸ್ತಪ್ರತಿಗಳಲ್ಲಿ ಆ ಪದಗಳೇ ಇಲ್ಲ. ಆದರೆ ಮಾರ್ಕನ 13ನೆಯ ಅಧ್ಯಾಯದಲ್ಲಿ ಅವು ಇದ್ದೇ ಇವೆ. ತನಗೆ ಗೊತ್ತಿಲ್ಲವೆಂದು ಕ್ರಿಸ್ತನೇ ಹೇಳಿದ ಮೇಲೆ ನಮ್ಮಲ್ಲಿ ಯಾರಿಗೋ ಗೊತ್ತಾಗಿದೆ ಎನ್ನುವುದು ಎಂಥ ಮಾತೆಂದು ಯೋಚಿಸಿ.

ನಾನು ನಿಮಗೆ ತೋರಿಸಬೇಕೆಂದಿರುವುದು 36ನೆಯ ವಚನವನ್ನಲ್ಲ, ಅದೇ ಅಧ್ಯಾಯದ 45ನೆಯದನ್ನು. ಯಜಮಾನ ಊರಿಗೆ ಹೋಗಿದ್ದಾನೆ, ಯಾವಾಗ ಬರುತ್ತಾನೋ ತಿಳಿಯದು, ಮನೆಯನ್ನು ಒಬ್ಬ ಆಳಿಗೆ ಒಪ್ಪಿಸಿದ್ದಾನೆ. ಆ ಆಳಿನ ಕೆಲಸವೇನು? ಬಾಗಿಲಲ್ಲಿ ನಿಂತು ದಾರಿ ನೋಡುವುದೆಂದು ಅಲ್ಲಿ ಬರೆದಿಲ್ಲ. ಮನೆಯವರಿಗೆ ಹೊತ್ತುಹೊತ್ತಿಗೆ ಆಹಾರ ಕೊಡುವುದೆಂದು ಬರೆದಿದೆ. ಯಜಮಾನ ಬಂದಾಗ ಯಾರು ಬಡಿಸುತ್ತಿರುವುದು ಕಾಣುತ್ತದೋ ಅವನೇ ಧನ್ಯನು. ಮಗಳ ಶಾಲೆಯ ಹಣವೆಂದರೆ ಆ ಮನೆಯ ಹೊತ್ತಿನ ಊಟವೇ ಅಲ್ಲವೇ? ಇದನ್ನು ನಿಮ್ಮ ತಮ್ಮನಿಗೆ ಓದಿ ಹೇಳಿ, ಆದರೆ ಗೆದ್ದ ದನಿಯಲ್ಲಿ ಓದಬೇಡಿ.

ಜಾಗರಣೆ:

ಕರ್ತನಿಗೆ ಸ್ತೋತ್ರ. ಇಲ್ಲಿ ಹಳೆಯ ದೊಡ್ಡ ಸಭೆಗಳವರೇ ಹೆಚ್ಚೆಂದು ಬಲ್ಲೆ, ಆದರೂ ಇನ್ನೊಂದು ಪಕ್ಷದ ಮಾತೂ ಇಲ್ಲಿ ಇರಲಿ. ನಾನು ಪೆಂತೆಕೋಸ್ತ ಸಭೆಯವನು. ನಮ್ಮ ಸಭಾಪಾಲಕರು ಯಾವ ದಿನಾಂಕವನ್ನೂ ಹೇಳುವುದಿಲ್ಲ, ಹೇಳುವವರನ್ನು ವೇದಿಕೆಗೆ ಹತ್ತಿಸುವುದೂ ಇಲ್ಲ. ಆದರೆ ಬರೋಣ, ಅಂದರೆ ಕ್ರಿಸ್ತನು ಮತ್ತೆ ಬರುವುದು, ಹತ್ತಿರವಿದೆ ಎಂಬ ಪ್ರಸಂಗವನ್ನು ಕೇಳಿಯೇ ನಾನು ಹದಿನೆಂಟು ವರ್ಷಗಳ ಹಿಂದೆ ಕುಡಿತ ಬಿಟ್ಟೆ. "ಇವತ್ತು ರಾತ್ರಿ" ಎಂಬ ಮಾತು ನನ್ನನ್ನು ಹಿಡಿಯದೆ ಹೋಗಿದ್ದರೆ, "ನಿಧಾನವಾಗಿ ಸರಿಹೋಗು" ಎಂಬ ಮಾತಿನಿಂದ ನಾನು ಸರಿಹೋಗುತ್ತಿರಲಿಲ್ಲ.

ಹಿರಿಯರು 45ನೆಯ ವಚನ ಹೇಳಿದರು, ಅದಕ್ಕೆ ಆಮೆನ್. ಆದರೆ 48ನೆಯ ವಚನದಲ್ಲಿ ಕೆಟ್ಟ ಆಳು ಏನೆಂದುಕೊಳ್ಳುತ್ತಾನೆ? ನನ್ನ ಯಜಮಾನನು ತಡಮಾಡುತ್ತಾನೆ ಎಂದುಕೊಳ್ಳುತ್ತಾನೆ. ಅವನು ಕೆಡುವುದು ಶುರುವಾಗುವುದೇ ಆ ಮಾತಿನಿಂದ. ನಿಮ್ಮ ದೊಡ್ಡ ಸಭೆಗಳಲ್ಲಿ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಒಂದು ಭಾನುವಾರ ಬಿಟ್ಟರೆ ಎರಡನೆಯ ಬರೋಣದ ಬಗ್ಗೆ ಪ್ರಸಂಗ ಕೇಳಿ ಎಷ್ಟು ಕಾಲವಾಯಿತು? ಕಾಂಪೌಂಡು ಗೋಡೆ, ಕಮಿಟಿ ಚುನಾವಣೆ, ಆಸ್ತಿಯ ವ್ಯಾಜ್ಯ, ಇವೇ ಅಲ್ಲವೇ ಅಲ್ಲಿನ ಮಾತು? ದಿನಾಂಕ ಹೇಳುವವನು ತಪ್ಪು ಮಾಡುತ್ತಾನೆ, ಒಪ್ಪಿದೆ. ಬರುವುದನ್ನೇ ಮರೆತವನು ಮಾಡುವುದೂ ತಪ್ಪೇ, ಅವನನ್ನು ನೋಡಿ ಮಾತ್ರ ಯಾರೂ ನಗುವುದಿಲ್ಲ.

ನಿವೃತ್ತ ಗಣಿತ ಮೇಷ್ಟ್ರು:

ಜಾಗರಣೆಯವರ ಕೊನೆಯ ಮಾತು ಚುಚ್ಚುತ್ತದೆ, ಆದರೆ ನಿಜ. ನಾನು ನನಗೆ ಗೊತ್ತಿರುವ ಕಡೆಯಿಂದ, ಅಂದರೆ ಲೆಕ್ಕದ ಕಡೆಯಿಂದ ಬರುತ್ತೇನೆ.

ನಾವು ಮಕ್ಕಳಿಗೆ ಕಲಿಸುವ ಘಾತಾಂಕಕ್ಕೆ ಯುರೋಪಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಹೆಸರನ್ನು ಕೊಟ್ಟವನು ಮಿಖಾಯೆಲ್ ಷ್ಟೀಫೆಲ್, 1544ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ. ಇವನು ಮಾರ್ಟಿನ್ ಲೂಥರನ ಸ್ನೇಹಿತ ಮತ್ತು ಲೋಖಾವ್ ಎಂಬ ಹಳ್ಳಿಯ ಪಾದ್ರಿ. ಆ ಗ್ರಂಥಕ್ಕೆ ಹನ್ನೊಂದು ವರ್ಷ ಮೊದಲು ಸತ್ಯವೇದದ, ಅಂದರೆ ಬೈಬಲಿನ, ಅಕ್ಷರಗಳಿಗೆ ಅಂಕಿಗಳನ್ನು ಹಚ್ಚಿ ಕೂಡಿಸಿ, ಲೋಕವು 1533ರ ಅಕ್ಟೋಬರ್ 19ರ ಬೆಳಿಗ್ಗೆ ಎಂಟು ಗಂಟೆಗೆ ಮುಗಿಯುತ್ತದೆಂದು ಹೇಳಿಬಿಟ್ಟ. ಲೂಥರ್ ಬೇಡವೆಂದರೂ ಕೇಳಲಿಲ್ಲ. ಎಂಟು ಗಂಟೆ ಕಳೆಯಿತು. ಪಾದ್ರಿಯನ್ನು ಹಿಡಿದು ಕೂಡಿಹಾಕಿದರು, ಹಳ್ಳಿ ಅವನ ಕೈತಪ್ಪಿತು. ಕೊನೆಗೆ ಲೂಥರನೇ ನಡುವೆ ಬಂದು ಬೇರೆ ಊರಿನಲ್ಲಿ ಜಾಗ ಕೊಡಿಸಿದ. ಲೆಕ್ಕ ಬಾರದ ಮನುಷ್ಯ ಮಾಡಿದ ತಪ್ಪಲ್ಲ ಇದು. ಆ ಕಾಲದ ಜರ್ಮನಿಯಲ್ಲಿ ಅವನಷ್ಟು ಲೆಕ್ಕ ಬಲ್ಲವರೇ ವಿರಳ.

ಇನ್ನು ಅಮೆರಿಕದ ವಿಲಿಯಂ ಮಿಲ್ಲರ್. ನ್ಯೂಯಾರ್ಕ್ ರಾಜ್ಯದ ರೈತ, ಬ್ಯಾಪ್ಟಿಸ್ಟ್. ದಾನಿಯೇಲನ ಗ್ರಂಥದ 8ನೆಯ ಅಧ್ಯಾಯದಲ್ಲಿ ಬರುವ 2300 ದಿನಗಳನ್ನು 2300 ವರ್ಷಗಳೆಂದು ತೆಗೆದುಕೊಂಡು, ಕ್ರಿ.ಪೂ. 457ರಿಂದ ಎಣಿಸಿ 1843ಕ್ಕೆ ಬಂದ. ನನ್ನ ವಿದ್ಯಾರ್ಥಿಯಾಗಿದ್ದರೆ ಇಲ್ಲೇ ಕೆಂಪು ಶಾಯಿ ಬೀಳುತ್ತಿತ್ತು, ಏಕೆಂದರೆ ಕ್ರಿ.ಪೂ. 1 ಮತ್ತು ಕ್ರಿ.ಶ. 1ರ ನಡುವೆ ಸೊನ್ನೆ ಎಂಬ ವರ್ಷವಿಲ್ಲ, ಎಣಿಕೆ 1844ಕ್ಕೆ ಬರಬೇಕು. ತಪ್ಪು ತಿದ್ದಿಕೊಂಡು ಅವರು 1844ಕ್ಕೆ ಬಂದರು. ಮಿಲ್ಲರ್ ತಾನಾಗಿ ದಿನವನ್ನು ಗೊತ್ತುಮಾಡಲು ಬಹಳ ಹಿಂಜರಿದ. 1844ರ ಅಕ್ಟೋಬರ್ 22 ಎಂಬುದು ಸ್ಯಾಮ್ಯುಯೆಲ್ ಸ್ನೋ ಎಂಬ ಅನುಯಾಯಿಯ ಲೆಕ್ಕ, ಮಿಲ್ಲರ್ ಅದನ್ನು ಒಪ್ಪಿದ್ದು ಆ ದಿನಕ್ಕೆ ಕೆಲವೇ ವಾರ ಇರುವಾಗ. ಹತ್ತಾರು ಸಾವಿರ ಜನ ಕಾದರು. ಕೆಲವು ರೈತರು ಆಲೂಗಡ್ಡೆಯನ್ನು ಅಗೆಯದೆ ನೆಲದಲ್ಲೇ ಬಿಟ್ಟರು, ಅಗೆಯುವುದು ಅವಿಶ್ವಾಸವೆಂದು. ಬೆಳಗಾಯಿತು. ಬಿಳಿ ನಿಲುವಂಗಿ ತೊಟ್ಟು ಛಾವಣಿ ಹತ್ತಿದ್ದರೆಂದು ಪತ್ರಿಕೆಗಳು ಬರೆದದ್ದಕ್ಕೆ ಒಳ್ಳೆಯ ಆಧಾರವಿಲ್ಲ, ಅದನ್ನು ಹಂಚಬೇಡಿ. ಅತ್ತದ್ದು ಮಾತ್ರ ನಿಜ, ಅವರೇ ಬರೆದಿಟ್ಟಿದ್ದಾರೆ. ಅವರಲ್ಲಿ ಉಳಿದವರಿಂದಲೇ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ರೂಪುಗೊಂಡಿತು. ಬರೋಣ ಹತ್ತಿರವಿದೆ ಎಂದು ಇಂದಿಗೂ ನಂಬುವ ಅವರು ದಿನ ಹೇಳುವುದನ್ನು ಬಿಟ್ಟು, ಲೋಕದ ತುಂಬ ಶಾಲೆ ಆಸ್ಪತ್ರೆಗಳನ್ನು ಕಟ್ಟಿದ್ದಾರೆ.

ಇವೆರಡೂ ನಂಬಿ ಮೋಸಹೋದವರ ಕಥೆ. ಮೋಸ ಮಾಡಿದವರೂ ಇದ್ದಾರೆ. 1992ರ ಅಕ್ಟೋಬರ್ 28ರಂದು ಎತ್ತಲ್ಪಡುತ್ತೇವೆಂದು ಬೋಧಿಸಿದ ದಕ್ಷಿಣ ಕೊರಿಯದ ಒಬ್ಬ ಪಾದ್ರಿಯ ಬಳಿ 1993ರಲ್ಲಿ ಹಣ ಕೈಗೆ ಬರುವ ಬಾಂಡುಗಳು ಸಿಕ್ಕಿದವು. ಅವನು ಜೈಲಿಗೆ ಹೋದ.

ಹೊಸ ಸದಸ್ಯ:

ಲೂಥರ್ ಹೇಳಿದ್ದಾರಲ್ಲ, ನಾಳೆ ಲೋಕ ಮುಗಿಯುತ್ತದೆಂದು ತಿಳಿದರೂ ಇವತ್ತು ಸೇಬಿನ ಗಿಡ ನೆಡುತ್ತೇನೆಂದು. ಇಡೀ ಚರ್ಚೆಗೆ ಅದೊಂದೇ ಉತ್ತರ ಸಾಲದೇ?

ನಿವೃತ್ತ ಗಣಿತ ಮೇಷ್ಟ್ರು:

ಮಾತು ಚೆನ್ನಾಗಿದೆ, ಆದರೆ ಲೂಥರನ ಬರಹಗಳಲ್ಲಿ ಎಲ್ಲೂ ಇಲ್ಲ. ಅದು ಬರಹದಲ್ಲಿ ಮೊದಲು ಕಾಣಿಸಿಕೊಳ್ಳುವುದು 1944ರ ಜರ್ಮನಿಯಲ್ಲಿ, ಯುದ್ಧದ ನಡುವೆ ಬರೆದ ಒಂದು ಕಾಗದದಲ್ಲಿ. ಊರುಗಳೆಲ್ಲ ಬಾಂಬಿಗೆ ಸುಟ್ಟುಹೋಗುತ್ತಿದ್ದ ವರ್ಷ ಅದು. ಹೇಳಿದವರು ಯಾರೇ ಆಗಿರಲಿ, ಅವರಿಗೆ ಗಿಡ ನೆಡುವ ಮಾತು ಅಲಂಕಾರವಾಗಿರಲಿಲ್ಲ.

ಅದರ ಬದಲು ದಾಖಲೆಯಿರುವ ಒಂದು ಪ್ರಸಂಗ ಹೇಳುತ್ತೇನೆ. 1780ರ ಮೇ 19ರಂದು ಅಮೆರಿಕದ ಈಶಾನ್ಯ ಪ್ರಾಂತಗಳಲ್ಲಿ ನಡುಹಗಲಿನಲ್ಲೇ ಕತ್ತಲು ಕವಿಯಿತು. ಕೋಳಿಗಳು ಗೂಡು ಸೇರಿದವು, ಜನ ಚರ್ಚುಗಳಿಗೆ ಓಡಿದರು. ದೂರದ ಕಾಡುಗಳಿಗೆ ಬಿದ್ದ ಬೆಂಕಿಯ ಹೊಗೆಯೇ ಕಾರಣವೆಂಬುದು ಈಗಿನ ತಿಳಿವಳಿಕೆ, ಆ ದಿನ ಅದು ಯಾರಿಗೂ ಹೊಳೆದಿರಲಿಲ್ಲ. ಹಾರ್ಟ್‌ಫರ್ಡಿನಲ್ಲಿ ಕನೆಕ್ಟಿಕಟ್ ಶಾಸನಸಭೆ ಕೂಡಿತ್ತು. ಕೆಳಮನೆ ಎದ್ದುಹೋಯಿತು. ಮೇಲ್ಮನೆಯಲ್ಲೂ ಮುಂದೂಡುವ ಮಾತು ಬಂದಾಗ ಏಬ್ರಹಾಂ ಡೇವನ್‌ಪೋರ್ಟ್ ಎಂಬ ಸದಸ್ಯ ಎದ್ದು ಹೇಳಿದ್ದರ ಸಾರ ಇದು: ಇದು ನ್ಯಾಯತೀರ್ಪಿನ ದಿನವಾಗಿದೆ ಅಥವಾ ಆಗಿಲ್ಲ, ಆಗಿಲ್ಲದಿದ್ದರೆ ಎದ್ದುಹೋಗಲು ಕಾರಣವಿಲ್ಲ, ಆಗಿದ್ದರೆ ನನ್ನ ಕೆಲಸ ಮಾಡುತ್ತಿರುವಾಗಲೇ ನಾನು ಸಿಗಬೇಕು, ಆದ್ದರಿಂದ ಮೇಣದಬತ್ತಿ ತರಿಸಿ.

ಬಲ್ಮಠದ ಹಳಬ:

ಮೇಷ್ಟ್ರೇ, ಜರ್ಮನಿಯ ದಾರಿಯಲ್ಲಿ ನೀವು ನಮ್ಮ ಮಂಗಳೂರಿನ ಬಾಗಿಲವರೆಗೂ ಬಂದು ಹಿಂದಿರುಗಿದಿರಿ, ಅಲ್ಲಿಂದ ಮುಂದೆ ನಾನು ಕರೆದೊಯ್ಯುತ್ತೇನೆ.

ದಕ್ಷಿಣ ಜರ್ಮನಿಯ ವ್ಯೂರ್ಟೆಂಬೆರ್ಗಿನಲ್ಲಿ ಯೋಹಾನ್ ಆಲ್‌ಬ್ರೆಖ್ಟ್ ಬೆಂಗೆಲ್ ಎಂಬ ದೈವಜ್ಞಾನಿ ಇದ್ದ, 1687ರಿಂದ 1752ರವರೆಗೆ ಬದುಕಿದವನು. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ತೂಗುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಅವನೊಬ್ಬ. ಎರಡು ಪಾಠಗಳಲ್ಲಿ ಕಷ್ಟವಾದುದನ್ನೇ ಹೆಚ್ಚು ನಂಬಬೇಕೆಂಬ ಅವನ ಸೂತ್ರವನ್ನು ನಮ್ಮ ಪಂಪ, ಕುಮಾರವ್ಯಾಸರ ಕಾವ್ಯಗಳನ್ನು ಸಂಪಾದಿಸುವವರೂ ಬಲ್ಲರು. ಅಷ್ಟು ಎಚ್ಚರದ ವಿದ್ವಾಂಸ ಸತ್ಯವೇದದ ಕಡೆಯ ಪುಸ್ತಕವಾದ ಪ್ರಕಟನೆಯ ಗ್ರಂಥದ ಅಂಕಿಗಳ ಮುಂದೆ ಕುಳಿತು, ದೊಡ್ಡ ತಿರುವು 1836ರಲ್ಲಿ ಬರುತ್ತದೆಂದು ಲೆಕ್ಕ ಹಾಕಿದ. ಒಂದು ಮಾತನ್ನು ಮಾತ್ರ ಸೇರಿಸಿದ: ಆ ವರ್ಷ ಏನೂ ಆಗದೆ ಕಳೆದರೆ ನನ್ನ ಲೆಕ್ಕದ ಬುಡದಲ್ಲೇ ತಪ್ಪಿದೆಯೆಂದು ತಿಳಿಯಬೇಕು. ವಿಡಿಯೊ ಮಾಡುವವರು ಈ ಒಂದು ವಾಕ್ಯವನ್ನಾದರೂ ಅವನಿಂದ ಕಲಿಯಬಹುದಿತ್ತು.

ಆ ಸೀಮೆಯ ಭಕ್ತರಲ್ಲಿ ಬೆಂಗೆಲನ ಮಾತು ಬೇರುಬಿಟ್ಟಿತ್ತು. 1816 ಮತ್ತು 1817ರ ಬರಗಾಲದ ಹೊತ್ತಿಗೆ ಸಾವಿರಾರು ಮಂದಿ, ಹಸಿವು ಒಂದು ಕಡೆ, ಅಂತ್ಯ ಹತ್ತಿರವೆಂಬ ನಂಬಿಕೆ ಇನ್ನೊಂದು ಕಡೆ, ಮನೆಮಠ ಮಾರಿ ಡ್ಯಾನ್ಯೂಬ್ ನದಿಯ ದಾರಿ ಹಿಡಿದು ಕಾಕಸಸ್ ಸೀಮೆಗೆ ಹೊರಟರು. ಅನೇಕರು ದಾರಿಯಲ್ಲೇ ರೋಗಕ್ಕೆ ಸತ್ತರು. ಅದೇ ಸೀಮೆಯ, ಅದೇ ಬಗೆಯ ಭಕ್ತಿಯಲ್ಲಿ ಬೆಳೆದ ಇನ್ನು ಕೆಲವು ಯುವಕರು 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿಗೆ ಸೇರಿದರು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಹೆರ್ಮನ್ ಮೋಗ್ಲಿಂಗ್ ಭಾರತಕ್ಕೆ ಹೊರಟದ್ದು ಯಾವ ವರ್ಷ? 1836! ಬೆಂಗೆಲನ ವರ್ಷದಲ್ಲೇ ಹಡಗು ಹತ್ತಿದ ಮನುಷ್ಯ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದ. ಇವರು ಅಂತ್ಯವನ್ನು ಮರೆತವರಾಗಿರಲಿಲ್ಲ; ಕರ್ತನು ಬರುತ್ತಾನೆಂಬುದನ್ನು ನಮಗಿಂತ ಎಷ್ಟೋ ಪಾಲು ಹೆಚ್ಚಾಗಿ ನಂಬಿದ್ದರು. ಆದರೂ ಕಲ್ಲಚ್ಚಿನ ಮುದ್ರಣ ತಂದರು, ಶಾಲೆ ತೆರೆದರು, ಮಗ್ಗ ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಅವರ ನಂತರ ಬಂದ ಕಿಟೆಲ್ ದಶಕಗಟ್ಟಲೆ ದುಡಿದು ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಮುಗಿಸಿದರು. ನಾಳೆಯೇ ಎಲ್ಲ ಮುಗಿಯುವುದೆಂದು ನಂಬಿದವನು ನೂರು ವರ್ಷ ಬಾಳುವ ಹೆಂಚನ್ನು ಸುಡುವುದಿಲ್ಲ. ಏನೂ ಮುಗಿಯುವುದಿಲ್ಲವೆಂದು ನಂಬಿದವನು ಕಾಣದ ಊರಿಗೆ ಬಂದು ಮಲೇರಿಯದಲ್ಲಿ ನರಳುವುದಿಲ್ಲ. ಇವರ ತಪ್ಪುಗಳ ಪಟ್ಟಿ ನನ್ನ ಬಳಿಯೂ ಇದೆ, ಅದು ಬೇರೆ ಚರ್ಚೆ.

ಜಾಗರಣೆಯವರಿಗೆ ಒಂದು ಸಣ್ಣ ಟಿಪ್ಪಣಿ, ಜಗಳಕ್ಕಲ್ಲ. ಅಂತ್ಯಕ್ಕೆ ಮುಂಚೆ ಬರುವುದೆನ್ನುವ ಮಹಾಸಂಕಟಕ್ಕೆ ಮೊದಲೇ ಸಭೆಯನ್ನು ಗುಟ್ಟಾಗಿ ಎತ್ತಿಕೊಳ್ಳುವ ರಹಸ್ಯ ಬರೋಣದ ಕ್ರಮ ಹರಡಿದ್ದು 1830ರ ದಶಕದ ಬೋಧಕ ಜಾನ್ ನೆಲ್ಸನ್ ಡಾರ್ಬಿಯಿಂದ, ಆಮೇಲೆ 1909ರ ಸ್ಕೋಫೀಲ್ಡ್ ಟಿಪ್ಪಣಿಯ ಸತ್ಯವೇದದಿಂದ. ಅದಕ್ಕೂ ಮೊದಲು ಹದಿನೆಂಟು ಶತಮಾನ ಸಭೆ ಸಿದ್ಧವಾಗಿಯೇ ಕಾದಿತ್ತು.

ಬಲಿಪೂಜೆಗೆ ತಡವಾದವ:

ನಾನು ಕಥೋಲಿಕ. ನಮ್ಮಲ್ಲಿ 2025ರ ನವೆಂಬರ್ 30, ಆಗಮನ ಕಾಲದ ಮೊದಲ ಭಾನುವಾರ, ಇದೇ ಮತ್ತಾಯ 24ನ್ನು ಓದಿದರು. ಹೊಲದಲ್ಲಿ ಇಬ್ಬರು, ಬೀಸುವ ಕಲ್ಲಿನ ಮುಂದೆ ಇಬ್ಬರು ಹೆಂಗಸರು, ಒಬ್ಬರನ್ನು ತೆಗೆದುಕೊಂಡು ಒಬ್ಬರನ್ನು ಬಿಡಲಾಗುವುದು. ನಮ್ಮ ಫಾದರ್ ಒಂದು ಮಾತು ಹೇಳಿದರು, ಅದು ನನ್ನ ತಲೆಯಲ್ಲಿ ಉಳಿದಿದೆ: ಆ ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದರು, ಒಂದೇ ಕಲ್ಲನ್ನು ತಿರುವುತ್ತಿದ್ದರು, ಹೊರಗಿನಿಂದ ನೋಡಿದರೆ ಯಾರು ಸಿದ್ಧರೆಂದು ತಿಳಿಯುವಂತೆಯೇ ಇರಲಿಲ್ಲ.

ಸಂತ ಅಗಸ್ಟೀನರು ಸುಮಾರು 419ರಲ್ಲಿ ಬರೆದ ಒಂದು ಪತ್ರ ಈ ಚರ್ಚೆಗೆ ಬೇಕು. ಸಲೋನ ಎಂಬ ಊರಿನ, ಅಂದರೆ ಈಗಿನ ಕ್ರೊಯೇಷಿಯದ, ಧರ್ಮಾಧ್ಯಕ್ಷ ಹೆಸಿಕಿಯುಸ್ ಅಂತ್ಯ ಹತ್ತಿರವಾಯಿತೆಂದು ಕಾತರಗೊಂಡಿದ್ದರು. ರೋಮ್ ನಗರವೇ 410ರಲ್ಲಿ ಸೂರೆಹೋಗಿತ್ತು, ಕಾತರವಾಗದೆ ಇರುತ್ತದೆಯೇ? ಅಗಸ್ಟೀನರು ಮೂವರು ಆಳುಗಳನ್ನು ಕಲ್ಪಿಸಿಕೊಂಡು ಉತ್ತರ ಬರೆದರು. ಮೂವರೂ ಯಜಮಾನನನ್ನು ಪ್ರೀತಿಸುತ್ತಾರೆ, ಮೂವರೂ ಎಚ್ಚರವಾಗಿದ್ದಾರೆ. ಒಬ್ಬನು ಆತ ಬೇಗ ಬರುತ್ತಾನೆ ಎನ್ನುತ್ತಾನೆ. ಇನ್ನೊಬ್ಬನು ಆತ ತಡವಾಗಿ ಬಂದರೂ ನಮ್ಮ ಬದುಕು ಚಿಕ್ಕದು, ಎಚ್ಚರವಿರೋಣ ಎನ್ನುತ್ತಾನೆ. ಮೂರನೆಯವನು ನನಗೆ ಗೊತ್ತಿಲ್ಲ, ಎಚ್ಚರವಿರೋಣ ಎನ್ನುತ್ತಾನೆ. ಮೊದಲನೆಯವನ ಮಾತು ಸುಳ್ಳಾದರೆ ಕೇಳಿದವರ ನಂಬಿಕೆ ಅಲುಗಾಡುತ್ತದೆ, ಬರುವುದೇ ಸುಳ್ಳೆಂದು ಜನ ನಗುತ್ತಾರೆ. ಎರಡನೆಯವನು ತಪ್ಪಿದರೆ ನಷ್ಟವಿಲ್ಲ, ಎಣಿಸದಿದ್ದ ಸಂತೋಷ ಸಿಗುತ್ತದೆ. ಮೂರನೆಯವನು ತಪ್ಪುವುದೇ ಇಲ್ಲ. ಮೂವರಲ್ಲಿ ಯಾರನ್ನೂ ಅಗಸ್ಟೀನರು ಕೆಟ್ಟ ಆಳೆಂದು ಕರೆಯಲಿಲ್ಲ ಎನ್ನುವುದು ನನಗೆ ಬಹಳ ಹಿಡಿಸಿತು.

ನನ್ನ ಅಭಿಪ್ರಾಯ ಇಷ್ಟು. ಲೋಕದ ಅಂತ್ಯ ನನ್ನ ಕಾಲದಲ್ಲಿ ಬರದೆ ಇರಬಹುದು, ನನ್ನ ಅಂತ್ಯ ಬಂದೇ ಬರುತ್ತದೆ. ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವಾಗ, ಪಾಪನಿವೇದನೆಗೆ ಮೊಣಕಾಲೂರುವಾಗ, ಅದಕ್ಕೇ ನಾವು ಸಿದ್ಧರಾಗುತ್ತಿರುತ್ತೇವೆ.

ಬೀದರಿನ ಹೆಣ್ಣುಮಗಳು:

ಅಣ್ಣಾವರೆ, ನಿಮ್ಮ ಕಡೆಯ ಮಾತನ್ನು ನಾನು ಒಪ್ಪುವುದಿಲ್ಲ. ಅಂತ್ಯವೆಂದರೆ ನನ್ನೊಬ್ಬಳ ಸಾವು ಎಂದು ಮಡಚಿಬಿಟ್ಟರೆ ನ್ಯಾಯತೀರ್ಪು ಎಲ್ಲಿ ಹೋಯಿತು?

ನಮ್ಮದು ಮೆಥೊಡಿಸ್ಟ್ ಸಭೆ, ದಲಿತ ಕೇರಿ. ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ, ಸಾಹುಕಾರನ ಸಾಲದ ಪುಸ್ತಕದಲ್ಲಿ ಏನು ಬರೆದಿದೆಯೆಂದು ಅವಳಿಗೆ ಸಾಯುವವರೆಗೂ ತಿಳಿಯಲಿಲ್ಲ. ಬರೆದಷ್ಟಕ್ಕೆಲ್ಲ ಹೆಬ್ಬೆಟ್ಟು ಒತ್ತಿದಳು, ತಿಳಿಯದ ಬಾಕಿಗೆ ದುಡಿದಳು. ಪ್ರಕಟನೆಯ 20ನೆಯ ಅಧ್ಯಾಯದಲ್ಲಿ ಸಿಂಹಾಸನದ ಮುಂದೆ ಪುಸ್ತಕಗಳು ತೆರೆಯಲ್ಪಡುತ್ತವೆ ಎಂದು ಪಾಸ್ಟರು ಓದಿದಾಗಲೆಲ್ಲ ಅವಳ ಮುಖ ಬೇರೆಯಾಗುತ್ತಿತ್ತೆಂದು ಅವ್ವ ಹೇಳುತ್ತಾಳೆ. ಎಲ್ಲರೂ ಹೆದರುವ ಆ ಅಧ್ಯಾಯಕ್ಕೆ ಅಜ್ಜಿ ಹೆದರಲಿಲ್ಲ. ಇನ್ನೊಂದು ಪುಸ್ತಕವಿದೆ, ಅದರಲ್ಲಿ ಸಾಹುಕಾರ ತಿದ್ದಲಾರ ಎಂಬುದೇ ಅವಳಿಗೆ ಸುವಾರ್ತೆ. ಲೋಕ ಹೀಗೆಯೇ ಇರುವುದಿಲ್ಲ, ಲೆಕ್ಕ ಕೇಳುವವನು ಬರುತ್ತಾನೆ ಎನ್ನುವುದು ಉಂಡು ಮಲಗಿದವರಿಗೆ ಬೆದರಿಕೆಯಾಗಿ ಕೇಳಿಸಬಹುದು, ನಮ್ಮ ಕೇರಿಗೆ ಹಾಗೆ ಕೇಳಿಸಲಿಲ್ಲ.

ಪ್ರವಾದಿ ಆಮೋಸನು ತನ್ನ ಗ್ರಂಥದ 5ನೆಯ ಅಧ್ಯಾಯದಲ್ಲಿ ಕರ್ತನ ದಿನ ಬರಲಿ ಎಂದು ಹಾರೈಸುವವರನ್ನೇ ಕೇಳುತ್ತಾನೆ, ಅದು ನಿಮಗೆ ಬೆಳಕೋ ಕತ್ತಲೋ ಎಂದು. ಯಾಕೋಬನು ತನ್ನ ಪತ್ರದ 5ನೆಯ ಅಧ್ಯಾಯದಲ್ಲಿ ಕಡೇ ದಿನಗಳ ಮಾತು ಎತ್ತಿದ ಕೂಡಲೇ ಹೇಳುವುದೇನು? ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗುತ್ತಿದೆ ಎಂದು. ಆದ್ದರಿಂದ ಪ್ರಶ್ನೆ ಕೇಳಿದ ಅಣ್ಣನವರಿಗೆ ನನ್ನ ಉತ್ತರ: ಸಿದ್ಧತೆ ನೋಡಬೇಕೆಂದರೆ ಮೊದಲು ಮನೆಗೆಲಸದವಳ ಸಂಬಳ ಯಾವ ತಾರೀಖಿಗೆ ಕೊಡುತ್ತೀರಿ ನೋಡಿಕೊಳ್ಳಿ. ಮಗಳ ಹಣ ಕೊಟ್ಟ ನಿಮ್ಮ ತಮ್ಮನ ಕೂಟದವರಿಗೂ ಇದನ್ನೇ ಕೇಳಬೇಕು: ಆ ದಿನ ಕಳೆದ ಮೇಲೆ ಹಣ ಹಿಂದಿರುಗಿಸಿದರೇ?

ಬಲಿಪೂಜೆಗೆ ತಡವಾದವ:

ಅಕ್ಕಾ, ತಿದ್ದಿಕೊಂಡೆ. ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಜೀವಂತರಿಗೂ ಮೃತರಿಗೂ ತೀರ್ಪು ನೀಡಲು ಬರುವನು ಎಂದು ನಾನೇ ಹೇಳುತ್ತೇನೆ. 325ರಲ್ಲಿ ನಿಸೇಯದಲ್ಲಿ ಕೂಡಿದ ಧರ್ಮಾಧ್ಯಕ್ಷರ ಸಭೆಯಿಂದ ಸಾವಿರದ ಏಳುನೂರು ವರ್ಷ ಬಂದ ವಾಕ್ಯ ಅದು, ಬಾಯಿಪಾಠವಾಗಿ ಅರ್ಥ ಜಾರಿಹೋಗಿತ್ತು.

ಜಾಗರಣೆ:

ಸಹೋದರಿಯ ಮಾತಿಗೆ ನನ್ನ ಕಣ್ಣು ತುಂಬಿತು. ಹಿರಿಯರ ಡಾರ್ಬಿ ಟಿಪ್ಪಣಿಗೆ ನನ್ನ ಬಳಿ ಉತ್ತರವಿದೆ, ವಿಶ್ವಾಸಿಗಳು ಮೇಘಗಳಲ್ಲಿ ಒಯ್ಯಲ್ಪಡುವರೆನ್ನುವ 1 ಥೆಸಲೊನೀಕ 4:17 ಡಾರ್ಬಿಗಿಂತ ಹಳೆಯದು. ಆದರೆ ಈಗ ಬೇಡ.

ದೀಪ ಹಿಡಿದು ಮದಲಿಂಗನನ್ನು ಎದುರುಗೊಳ್ಳಲು ಹೊರಟ ಹತ್ತು ಕನ್ನಿಕೆಯರ ಸಾಮ್ಯದ ಬಗ್ಗೆ ಇಲ್ಲಿ ಯಾರೂ ಮಾತಾಡಿಲ್ಲ. ಎಚ್ಚರ, ಎಚ್ಚರ ಎಂದು ನಾನೇ ಇಷ್ಟು ವರ್ಷ ಕೂಗಿದ್ದೇನೆ. ಈ ಚರ್ಚೆಗಾಗಿ ಮತ್ತಾಯ 25ನ್ನು ಮತ್ತೆ ಓದಿದಾಗ 5ನೆಯ ವಚನದಲ್ಲಿ ನಿಂತುಬಿಟ್ಟೆ. ಮದಲಿಂಗನು ತಡಮಾಡಲಾಗಿ ಹತ್ತು ಮಂದಿಯೂ ತೂಕಡಿಸಿ ಮಲಗಿದರು. ಬುದ್ಧಿವಂತೆಯರೂ ಮಲಗಿದರು! ನಿದ್ದೆ ಮಾಡಿದ್ದಕ್ಕೆ ಯಾರನ್ನೂ ಹೊರಗಿಡಲಿಲ್ಲ. ಐವರ ಬಳಿ ಎಣ್ಣೆ ಇತ್ತು, ಐವರ ಬಳಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಬುದ್ಧಿಯಿಲ್ಲದವರು ಮದಲಿಂಗ ಬೇಗ ಬರುತ್ತಾನೆಂದು ನಂಬಿದ್ದರಿಂದಲೇ ಎಣ್ಣೆ ತರಲಿಲ್ಲವೇನೋ ಎಂದು ಒಂದು ಕ್ಷಣ ಅನಿಸಿತು; ಹಾಗೆ ಬರೆದಿಲ್ಲ, ಆದ್ದರಿಂದ ಒತ್ತಿ ಹೇಳುವುದಿಲ್ಲ. ಬುದ್ಧಿವಂತೆಯರಂತೂ ತಡವಾದರೂ ಆಗಬಹುದೆಂದು ಬಗೆದು ಪಾತ್ರೆಯಲ್ಲಿ ತಂದಿದ್ದರು. ನಡುರಾತ್ರಿ ಅಂಗಡಿಗೆ ಓಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಆ ಎಣ್ಣೆಯನ್ನು ಹಂಚಿಕೊಳ್ಳಲು ಏಕೆ ಆಗಲಿಲ್ಲ ಎನ್ನುವುದು ಸಂಡೇ ಸ್ಕೂಲಿನಿಂದ ನನಗೆ ಬಗೆಹರಿಯದ ಪ್ರಶ್ನೆ. ಇಷ್ಟು ಮಾತ್ರ ಹೇಳಬಲ್ಲೆ: ನಾನು ಹದಿನೆಂಟು ವರ್ಷ ಕುಡಿಯದೆ ಇದ್ದದ್ದನ್ನು ಪಕ್ಕದ ಮನೆಯವನಿಗೆ ಒಂದು ರಾತ್ರಿಯಲ್ಲಿ ಸುರಿದುಕೊಡಲಾರೆ.

ನಿವೃತ್ತ ಗಣಿತ ಮೇಷ್ಟ್ರು:

ಕೆಲಸದ ಮಾತು ಬಂದಾಗಲೆಲ್ಲ 2 ಥೆಸಲೊನೀಕ 3:10ನ್ನು ತಂದು ಮೈಗಳ್ಳರಿಗೆ ಊಟವಿಲ್ಲ ಎನ್ನುವವರು ಇಲ್ಲಿಗೂ ಬರಬಹುದು, ಅದಕ್ಕೆ ಮುಂಚೆಯೇ ಒಂದು ಎಚ್ಚರಿಕೆ. ಥೆಸಲೊನೀಕದ ಆ ಜನ ಕೆಲಸ ಬಿಟ್ಟದ್ದು ಅಂತ್ಯ ಬಂತೆಂದೇ ಎಂದು ಪೌಲ ಎಲ್ಲೂ ಹೇಳಿಲ್ಲ. ಅದೇ ಪತ್ರದ 2ನೆಯ ಅಧ್ಯಾಯದಲ್ಲಿ ಕರ್ತನ ದಿನ ಬಂದೇಬಿಟ್ಟಿದೆ ಎಂಬ ಸುದ್ದಿಗೆ ಬೆದರಬೇಡಿ ಎಂದಿರುವುದರಿಂದ ಎರಡನ್ನೂ ಜೋಡಿಸಿ ಓದುವುದು ರೂಢಿಯಾಗಿದೆ. ಸಾಧ್ಯತೆ ಇದೆ, ಸಾಧನೆ ಇಲ್ಲ.

ಎರಡನೇ ಬೆಂಚು:

ಎಲ್ಲರಿಗೂ ವಂದನೆ. ಹತ್ತು ದಿನ ಇದನ್ನು ಓದುತ್ತಲೇ ಇದ್ದೆ. ಬೀದರಿನ ಅಕ್ಕನವರ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ, ಹಣ ಹಿಂದಿರುಗಿಲ್ಲ. ಅದು ಕೃತಜ್ಞತಾ ಕಾಣಿಕೆ, ಸಾಲವಲ್ಲ ಎಂದರಂತೆ. ಸಂಬಳದ ವಿಚಾರಕ್ಕೂ ಉತ್ತರ ಕೊಡಬೇಕು. ನಾನು ಕೊಡುವುದು ನನ್ನ ಪಿಂಚಣಿ ಬಂದ ಮೇಲೆ, ಎಂದರೆ ಕೆಲವೊಮ್ಮೆ 6, ಕೆಲವೊಮ್ಮೆ 8. ಈ ತಿಂಗಳು 1ಕ್ಕೇ ಕೊಟ್ಟೆ, ಆಕೆ ಏನಾಯಿತು ಸಾರ್ ಎಂದು ಕೇಳಿದಳು.

ತಮ್ಮನಿಗೆ 45ನೆಯ ವಚನವನ್ನು ಫೋನಿನಲ್ಲಿ ಓದಿದೆ. ಗೆದ್ದ ದನಿ ಬೇಡವೆಂದು ಹಿರಿಯರು ಹೇಳಿದ್ದರೂ ಸ್ವಲ್ಪ ಬಂದಿರಬೇಕು, ಅವನು ಫೋನ್ ಇಟ್ಟುಬಿಟ್ಟ. ನಾಲ್ಕು ದಿನ ಮಾತಿಲ್ಲ. ಅವನ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ನಮ್ಮ ಅಪ್ಪನ ತಂಗಿಯೊಡನೆ, ಒಂದು ಸೈಟಿನ ವಿಚಾರಕ್ಕೆ, ಒಂಬತ್ತು ವರ್ಷಗಳಿಂದ ನಾನು ಮಾತಾಡಿರಲಿಲ್ಲ. ಪವಿತ್ರ ಭೋಜನಕ್ಕೆ ಅತ್ತೆ ಮುಂದಿನ ಸಾಲಿನಲ್ಲಿ ಬಂದರೆ ನಾನು ಹಿಂದಿನ ಸಾಲಿಗೆ ಸರಿಯುತ್ತಿದ್ದೆ. ಕಳೆದ ಭಾನುವಾರ ಅವರ ಮನೆಗೆ ಹೋದೆ. ಅತ್ತೆ ಮೊದಲು ಕೇಳಿದ್ದು ಯಾರು ಸತ್ತರು ಎಂದು. ಸೈಟಿನ ವಿಚಾರ ಇನ್ನೂ ಹಾಗೆಯೇ ಇದೆ, ಚಹಾ ಕುಡಿದು ಬಂದೆ. ಇದನ್ನು ತಮ್ಮನಿಗೆ ಮೆಸೇಜ್ ಮಾಡಿದೆ, ಬೇರೇನೂ ಬರೆಯಲಿಲ್ಲ.

ನಿನ್ನೆ ಅವನೇ ಫೋನ್ ಮಾಡಿದ. ಕರ್ತನು ಹತ್ತಿರವಾಗಿದ್ದಾನೆ ಎಂಬ ಮಾತನ್ನು ಅವನು ಬಿಟ್ಟಿಲ್ಲ, ಬಿಡಬೇಕೆಂದು ನಾನೂ ಈಗ ಹೇಳುತ್ತಿಲ್ಲ. ಬೀರುವಿನ ಹಣವನ್ನು ಮತ್ತೆ ಮಗಳ ಹೆಸರಿನಲ್ಲಿ ಬ್ಯಾಂಕಿಗೆ ಕಟ್ಟಿದ್ದಾನೆ. ಜೊತೆಗೆ ಒಂದು ಉಯಿಲು ಬರೆಯಬೇಕಂತೆ, ಎಲ್ಲವೂ ಮಗಳಿಗೂ ನಾದಿನಿಗೂ, ನನಗೆ ಅಪ್ಪನ ಹಾರ್ಮೋನಿಯಂ. ಸಾಕ್ಷಿಯಾಗಿ ನಾನು ಸಹಿ ಹಾಕಬೇಕೆಂದು ಕೇಳಿದ್ದಾನೆ. ಇಲ್ಲಿ ಕಾನೂನು ಬಲ್ಲವರು ಯಾರಾದರೂ ಇದ್ದೀರಾ?

ಕೋರ್ಟ್ ರಸ್ತೆ:

ಇಷ್ಟು ದಿನ ಓದುತ್ತಿದ್ದೆ, ನನ್ನ ಸರದಿ ಬರುತ್ತದೆಂದು ಎಣಿಸಿರಲಿಲ್ಲ. ನಮ್ಮ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಉಯಿಲು ಬರೆಯದೆ ತೀರಿಕೊಂಡರೆ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಎರಡು ಪಾಲು ಮಕ್ಕಳಿಗೆ. ಅದಕ್ಕಿಂತ ಬೇರೆಯಾಗಿ ಹಂಚಬೇಕೆಂದಿದ್ದರೆ, ಅಥವಾ ಅಪ್ರಾಪ್ತ ಮಗಳಿಗೆ ಪಾಲಕರನ್ನು ಹೆಸರಿಸಬೇಕೆಂದಿದ್ದರೆ ಉಯಿಲು ಬೇಕು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು.

ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ, ಹೆಂಡತಿಗೆ ಅದೇ ಉಯಿಲಿನಲ್ಲಿ ಏನಾದರೂ ಬರೆದಿದ್ದರೆ ಉಯಿಲು ಕೆಡುವುದಿಲ್ಲ, ಅವರಿಗೆ ಬರೆದದ್ದು ಮಾತ್ರ ಹೋಗುತ್ತದೆ. ಆದ್ದರಿಂದ ಹಾರ್ಮೋನಿಯಂ ಬೇಕಿದ್ದರೆ ನೀವು ಸಹಿ ಹಾಕಬೇಡಿ, ನಿಮ್ಮ ಮನೆಯವರಿಂದಲೂ ಹಾಕಿಸಬೇಡಿ. ಅತ್ತೆಯವರನ್ನು ಕೇಳಿನೋಡಿ, ಅವರಿಗೆ ಉಯಿಲಿನಲ್ಲಿ ಏನೂ ಬರೆದಿಲ್ಲವಷ್ಟೇ?

ಎರಡನೇ ಬೆಂಚು:

ಬರೆದಿಲ್ಲ. ಕೇಳುತ್ತೇನೆ.